ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್’ ಇಷ್ಟು ಸರಳ ಇದ್ಯಲ್ಲ, ಇದನ್ನ ಪ್ರೊಗ್ರೆಸಿವ್ ಅಂತ ಯಾಕಂತಾರೆ?

ಪ್ರಶ್ನೆ: ಸರ್, ನಾನು ಒಂಬತ್ತು ವರ್ಷ ಮೃದಂಗ ಕಲ್ತಿದೀನಿ, ಈಗ ಬೆಂಗಳೂರಲ್ಲಿ ಕೆಲಸ. ರೂಮ್‌ಮೇಟ್ ಒಬ್ಬ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ ಕೇಳು ಕೇಳು ಅಂತ ಬೆನ್ನು ಬಿದ್ದಿದ್ದ, ಕೇಳ್ದೆ. ಪ್ರೊಗ್ರೆಸಿವ್ ರಾಕ್ ಅಂದ್ರೆ ಲೆಕ್ಕಾಚಾರದ ಕಷ್ಟದ ಸಂಗೀತ ಅಂತ ಓದಿದ್ದೆ, ಇಲ್ಲಿ ನೋಡಿದ್ರೆ ಎಲ್ಲಾ ನಿಧಾನ, ‘ಮನಿ’ ಅನ್ನೋ ಏಳೇಟಿನ ಹಾಡು ಒಂದು ಬಿಟ್ರೆ ತಾಳ ಎಲ್ಲಾ ನಾಲ್ಕರ ಲೆಕ್ಕ. ಆ ‘ಮನಿ’ ಕೂಡ ಮಧ್ಯದಲ್ಲಿ ಏಳು ಬಿಟ್ಟು ನಾಲ್ಕಕ್ಕೆ ಜಾರುತ್ತೆ, ಅದು ತಪ್ಪಾ ಬೇಕಂತ ಮಾಡಿದ್ದಾ? ಶುರುವಲ್ಲಂತೂ ತುಂಬ ಹೊತ್ತು ಏನೂ ಕೇಳ್ಸೋದೇ ಇಲ್ಲ. ಇಂಥದ್ದು ಕೋಟಿಗಟ್ಟಲೆ ಮಾರಾಟ ಆಗಿದ್ದು ಹೇಗೆ?

ಉತ್ತರ: ತಪ್ಪಲ್ಲ, ಬೇಕಂತಾನೇ ಮಾಡಿದ್ದು. ಮತ್ತೆ ನೀವು ಕೇಳಿರೋ ಬೇರೆ ಪ್ರಶ್ನೆಗಳಿಗೂ ಉತ್ತರ ಆ ಏಳರಿಂದ ನಾಲ್ಕಕ್ಕೆ ಹೋಗೋ ಜಾಗದಲ್ಲೇ ಇದೆ, ಅದಕ್ಕೇ ಅಲ್ಲಿಂದಾನೇ ಶುರು ಮಾಡ್ತೀನಿ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡ್ದೋನು, ಶುರು ಮಾಡಿದಾಗ ಇನ್ನೂ ಟೇಪ್ ಇತ್ತು, ಬ್ಲೇಡಲ್ಲಿ ಟೇಪ್ ಕತ್ತರಿಸಿ ಅಂಟಿಸೋದು ನನಗೆ ಕೈಯಾರೆ ಗೊತ್ತು, ಹಾಗಾಗಿ ಈ ಆಲ್ಬಮ್ ಬಗ್ಗೆ ನನಗೆ ಇರೋ ಗೌರವ ಫ್ಯಾನ್ ಗೌರವ ಮಾತ್ರ ಅಲ್ಲ, ಕೆಲಸದವನ ಗೌರವ.

ನೀವು ಮೃದಂಗದವರಾದ್ರಿಂದ ಹೇಳೋದು ಸುಲಭ. ‘ಮನಿ’ ಹಾಡಿನ ಬೇಸ್ ಗಿಟಾರ್ ಸಾಲನ್ನ ಮಿಶ್ರ ಛಾಪು ಅಂತ ತಗೋಬೇಡಿ, ತಕಿಟ ತಕಧಿಮಿ ಅಂತ ಮೂರು ನಾಲ್ಕಾಗಿ ಒಡೆಯೋ ಒತ್ತು ಅಲ್ಲಿಲ್ಲ. ತಿಶ್ರ ತ್ರಿಪುಟದ ತರ ಏಳು ಅಕ್ಷರ, ಅಂದ್ರೆ ಏಳು ಏಟು, ಸಮವಾಗಿ ಹಾಕ್ತಾ ಹೋಗಿ, ಕೂತ್ಕೊಳ್ಳುತ್ತೆ. ಇನ್ನೊಂದು ಗಮನಿಸಿ, ಪ್ರತಿ ಅಕ್ಷರದ ಒಳಗೂ ಒಂದು ತೂಗಾಟ ಇದೆ, ಒಂದು ಅಕ್ಷರವನ್ನ ಮೂರಾಗಿ ಒಡೆಯೋದನ್ನ ನಾವು ತಿಶ್ರ ನಡೆ ಅಂತೀವಲ್ಲ ಅದರ ಹತ್ತಿರದ್ದು, ಅವರು ಅದನ್ನ ಶಫಲ್ ಅಂತಾರೆ. ಹಾಡಿನ ಎಲುಬು ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ಹಳೇ ಹಾಡಿನ ಶೈಲಿ. ಬ್ಲೂಸ್ ಕೇಳಿ ಬೆಳೆದ ಕಿವಿಗೆ ಆ ತೂಗಾಟ ಎಷ್ಟು ಪರಿಚಯ ಅಂದ್ರೆ ಏಳು ಇದೆ ಅನ್ನೋದೇ ಗೊತ್ತಾಗಲ್ಲ, ಏನೋ ಒಂದು ಸ್ವಲ್ಪ ಎಡವಿದ ಹಾಗೆ ಅನ್ನಿಸುತ್ತೆ ಅಷ್ಟೇ, ಆ ಎಡವೋದೇ ಹಾಡಿನ ಗಮ್ಮತ್ತು. ಸ್ಯಾಕ್ಸೋಫೋನ್ ಸೋಲೋ, ಅದು ಡಿಕ್ ಪ್ಯಾರಿ ಊದಿದ್ದು, ಅದೂ ಏಳರಲ್ಲೇ ಹೋಗುತ್ತೆ. ಆಮೇಲೆ ಡೇವಿಡ್ ಗಿಲ್ಮೋರ್ ಗಿಟಾರ್ ಬರೋವಾಗ ಬ್ಯಾಂಡ್ ನಾಲ್ಕಕ್ಕೆ ಬಂದುಬಿಡುತ್ತೆ. ಯಾಕೆ? ಗಿಲ್ಮೋರ್‌ಗೆ ನಾಲ್ಕರಲ್ಲಿ ಬಿಡುಬೀಸಾಗಿ ನುಡಿಸೋಕೆ ಆಗುತ್ತೆ, ಕೇಳೋರಿಗೂ ಕಾಲು ಕುಣಿಸೋಕೆ ಆಗುತ್ತೆ, ಅಷ್ಟೇ ಕಾರಣ. ಆ ಕಾಲದ ಬೇರೆ ಪ್ರೊಗ್ರೆಸಿವ್ ಬ್ಯಾಂಡ್ ಆಗಿದ್ರೆ ಏಳರಲ್ಲೇ ಸೋಲೋ ನುಡಿಸಿ, ಅದರ ಮೇಲೆ ಇನ್ನೊಂದು ಲೆಕ್ಕ ಹಾಕಿ, ನೋಡಿ ನಾವೆಷ್ಟು ಜಾಣರು ಅಂತ ತೋರಿಸ್ತಿದ್ರು, ನನಗೆ ಅಂಥ ಸಂಗೀತಾನೂ ಇಷ್ಟಾನೇ, ತಪ್ಪು ಅಂತಿಲ್ಲ. ಆದರೆ ಇವರು ಹಾಡಿಗೆ ಏನು ಬೇಕೋ ಅದನ್ನ ಮಾಡಿದ್ರು. ಕಷ್ಟವನ್ನೆಲ್ಲ ತಮ್ಮ ಕಡೆ ಇಟ್ಕೊಂಡ್ರು, ಸುಲಭವಾದದ್ದನ್ನ ಕೇಳೋರ ಕಡೆ ಬಿಟ್ರು. ಈ ಆಲ್ಬಮ್ ಬಗ್ಗೆ ನಾನು ಹೇಳಬೇಕಾದ್ದು ಇದೇ ಒಂದು ಮಾತು, ಮಿಕ್ಕಿದ್ದೆಲ್ಲ ಅದಕ್ಕೆ ಸಾಕ್ಷಿ.

ಆ ಗಿಟಾರ್ ಸೋಲೋನೇ ಇನ್ನೊಂದ್ಸಲ ಕೇಳಿ, ಮೂರು ಸುತ್ತು ಇದೆ. ಮೊದಲ ಸುತ್ತು ದೊಡ್ಡ ಹಾಲ್‌ನಲ್ಲಿ ನುಡಿಸ್ದಂಗೆ ತುಂಬ್ಕೊಂಡಿರುತ್ತೆ, ಎರಡನೇ ಸುತ್ತಿಗೆ ಎಕೋ ಎಲ್ಲ ಕಿತ್ತಾಕಿ ಒಣಗಿದ ಸೌಂಡ್, ಪುಟ್ಟ ರೂಮಲ್ಲಿ ನಿಮ್ಮ ಪಕ್ಕ ಕೂತು ನುಡಿಸ್ದಂಗೆ, ಮೂರನೇ ಸುತ್ತಿಗೆ ಮತ್ತೆ ಬಾಗಿಲು ತೆಗೆದಂಗೆ ಎಲ್ಲ ಒಟ್ಟಿಗೆ ನುಗ್ಗುತ್ತೆ. ವಾಲ್ಯೂಮ್ ಅಷ್ಟೇನೂ ಏರಿಲ್ಲ, ಜಾಗ ಬದಲಾಯ್ತು ಅಷ್ಟೇ. ಇದು ಮಿಕ್ಸಿಂಗ್, ಅಂದ್ರೆ ಬೇರೆ ಬೇರೆ ರೆಕಾರ್ಡ್ ಮಾಡಿದ ಸದ್ದುಗಳನ್ನ ಹೊಂದಿಸಿ ಸೇರಿಸೋದು, ಕಲಿಯೋ ಹುಡುಗರಿಗೆ ನಾನು ಕೊಡ್ತಿದ್ದ ಮೊದಲ ಪಾಠ.

ಅಂದಹಾಗೆ ಎಲ್ಲಾ ನಾಲ್ಕರ ಲೆಕ್ಕ ಅಂದ್ರಲ್ಲ, ಅದು ಸರಿಯಿಲ್ಲ. ಕೊನೇ ಹಾಡು ‘ಎಕ್ಲಿಪ್ಸ್’ ಆರರಲ್ಲಿದೆ. ಅದಕ್ಕೆ ಮುಂಚಿನ ‘ಬ್ರೇನ್ ಡ್ಯಾಮೇಜ್’ ನಾಲ್ಕರಲ್ಲಿ ಹೋಗ್ತಾ ಹೋಗ್ತಾ ನಿಲ್ಲದೇನೇ ಆರಕ್ಕೆ ತಿರುಗುತ್ತೆ. ಒಂಬತ್ತು ವರ್ಷ ತಾಳ ಹಾಕಿದ ನಿಮಗೂ ಗೊತ್ತಾಗಲಿಲ್ಲ ಅಂದ್ರೆ ಅವರು ಎಷ್ಟು ನಯವಾಗಿ ಮಾಡಿದಾರೆ ಅಂತ ನೋಡಿ.

ಈಗ ಹಿಂದಕ್ಕೆ ಹೋಗೋಣ. ಪಿಂಕ್ ಫ್ಲಾಯ್ಡ್ ಅಂದ್ರೆ ಆಗ ನಾಲ್ಕು ಜನ. ಬೇಸ್ ಗಿಟಾರ್ ಮತ್ತು ಸಾಹಿತ್ಯ ರಾಜರ್ ವಾಟರ್ಸ್, ಗಿಟಾರ್ ಮತ್ತು ಹೆಚ್ಚಿನ ಹಾಡುಗಾರಿಕೆ ಡೇವಿಡ್ ಗಿಲ್ಮೋರ್, ಕೀಬೋರ್ಡ್ ರಿಚರ್ಡ್ ರೈಟ್, ಡ್ರಮ್ಸ್ ನಿಕ್ ಮೇಸನ್. ಮೊದಲು ಇವರ ನಾಯಕ ಸಿಡ್ ಬ್ಯಾರೆಟ್, ಅದ್ಭುತ ಪ್ರತಿಭೆ, ಆದರೆ ಡ್ರಗ್ಸು, ಮಾನಸಿಕ ತೊಂದರೆ ಎರಡೂ ಸೇರ್ಕೊಂಡು 1968ರಲ್ಲಿ ಬ್ಯಾಂಡಿಂದ ಹೊರಗೆ ಹೋಗಬೇಕಾಯ್ತು. ಅದಾದ ಮೇಲೆ ಮೂರು ನಾಲ್ಕು ವರ್ಷ ಇವರು ದಾರಿ ಹುಡುಕ್ತಾ ಇದ್ರು, ಉದ್ದುದ್ದ ವಾದ್ಯ ಸಂಗೀತ, ಆರ್ಕೆಸ್ಟ್ರಾ, ಪ್ರಯೋಗ, ಎಲ್ಲ. 1971ರ ‘ಮೆಡಲ್’ ಆಲ್ಬಮ್‌ನಲ್ಲಿ ‘ಎಕೋಸ್’ ಅನ್ನೋದು ಒಂದೇ ರಚನೆ 23 ನಿಮಿಷ, ಎಲ್‌ಪಿಯ, ಅಂದ್ರೆ ದೊಡ್ಡ ಗ್ರಾಮಫೋನ್ ತಟ್ಟೆಯ, ಒಂದಿಡೀ ಸೈಡ್. ಇಂಗ್ಲೆಂಡಲ್ಲಿ ಹೆಸರಿತ್ತು, ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಆ ಆಲ್ಬಮ್ 70ನೇ ಸ್ಥಾನದ ತನಕ ಮಾತ್ರ ಹೋಯ್ತು.

1971ರ ಕೊನೇಲಿ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿದ್ದ ಮೇಸನ್ ಮನೇಲಿ ನಾಲ್ಕೂ ಜನ ಕೂತಾಗ ವಾಟರ್ಸ್ ಒಂದು ಯೋಚನೆ ಮುಂದಿಟ್ಟ. ಮನುಷ್ಯನಿಗೆ ಹುಚ್ಚು ಹಿಡಿಸೋ ಸಂಗತಿಗಳು ಏನೇನು ಅಂತ ಒಂದೊಂದಾಗಿ ತಗೊಂಡು ಒಂದೇ ಉದ್ದದ ರಚನೆ ಮಾಡೋಣ ಅಂತ. ಓಡಾಟ, ಪ್ರಯಾಣದ ಭಯ, ಕೈಜಾರಿ ಹೋಗೋ ವಯಸ್ಸು, ಸಾವು, ದುಡ್ಡು, ನಾವು ಅವರು ಅನ್ನೋ ಜಗಳ, ಕೊನೆಗೆ ಹುಚ್ಚು. ಕಣ್ಣೆದುರೇ ತಮ್ಮ ಗೆಳೆಯ ಸಿಡ್ ಹಾಗಾಗಿದ್ದನ್ನ ನೋಡಿದ್ದೋರು ಇವರು, ಹಾಗಾಗಿ ಇದು ಪುಸ್ತಕದಿಂದ ಎತ್ತಿದ ವಿಷಯ ಅಲ್ಲ. ಹೆಸರಿನ ಬಗ್ಗೇನೂ ತುಂಬ ಜನ ತಪ್ಪು ತಿಳ್ಕೊಂಡಿದಾರೆ, ಇದು ಬಾಹ್ಯಾಕಾಶದ ಆಲ್ಬಮ್ ಅಲ್ಲವೇ ಅಲ್ಲ. ಇಂಗ್ಲಿಷಲ್ಲಿ ಹುಚ್ಚನಿಗೆ ಲೂನಾಟಿಕ್ ಅಂತಾರೆ, ಲೂನಾ ಅಂದ್ರೆ ಲ್ಯಾಟಿನ್‌ನಲ್ಲಿ ಚಂದ್ರ. ನಮ್ಮಲ್ಲೂ ಅಮಾವಾಸ್ಯೆ ಹುಣ್ಣಿಮೆಗೆ ಹುಚ್ಚು ಕೆರಳುತ್ತೆ ಅಂತಾರಲ್ಲ, ಪುರುಷಸೂಕ್ತದಲ್ಲಿ ಚಂದ್ರ ಹುಟ್ಟಿದ್ದೇ ಮನಸ್ಸಿಂದ ಅಂತ ಬರುತ್ತಲ್ಲ, ಆ ನಂಟು ಅವರಲ್ಲೂ ಇದೆ. ಚಂದ್ರನ ಕತ್ತಲೆ ಕಡೆ ಅಂದ್ರೆ ಮನಸ್ಸಿನ ಕತ್ತಲೆ ಕಡೆ. ನಮ್ಮ ಓದುಗರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯಾನೇ ಬರಲ್ಲ ಅಂತ ನನಗನ್ಸುತ್ತೆ. ಮಧ್ಯದಲ್ಲಿ ಇನ್ನೊಂದು ಬ್ಯಾಂಡ್ ಇದೇ ಹೆಸರಲ್ಲಿ ಆಲ್ಬಮ್ ತಂದಿದ್ರಿಂದ ಇವರು ಸ್ವಲ್ಪ ದಿನ ‘ಎಕ್ಲಿಪ್ಸ್’ ಅಂತ ಹೆಸರು ಬದಲಾಯಿಸ್ಕೊಂಡಿದ್ರು, ಅವರದ್ದು ಓಡಲಿಲ್ಲ, ಇವರು ಹಳೇ ಹೆಸರಿಗೇ ವಾಪಸ್ ಬಂದ್ರು.

ಈಗ ಮುಖ್ಯವಾದ ವಿಷಯ. ಇವರು ಆಲ್ಬಮ್ ರೆಕಾರ್ಡ್ ಮಾಡಿ ಆಮೇಲೆ ಸ್ಟೇಜಿಗೆ ಹೋಗಲಿಲ್ಲ, ಉಲ್ಟಾ ಮಾಡಿದ್ರು. 1972ರ ಜನವರಿ 20ಕ್ಕೆ ಬ್ರೈಟನ್ ಊರಲ್ಲಿ ಮೊದಲ ಸಲ ಇಡೀ ರಚನೆ ನುಡಿಸೋಕೆ ಹೊರಟ್ರು, ‘ಮನಿ’ ಹಾಡಿನ ಹೊತ್ತಿಗೆ ಟೇಪ್ ಕೈಕೊಡ್ತು, ಅಲ್ಲಿಗೇ ನಿಲ್ಲಿಸಬೇಕಾಯ್ತು. ಮಾರನೇ ದಿನ ಪೋರ್ಟ್ಸ್‌ಮತ್‌ನಲ್ಲಿ ಪೂರ್ತಿ ನುಡಿಸಿದ್ರು, ಫೆಬ್ರವರಿಯಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಪತ್ರಿಕೆಯವರ ಮುಂದೆ. ಆಲ್ಬಮ್ ಹೊರಬಂದದ್ದು 1973ರ ಮಾರ್ಚ್‌ನಲ್ಲಿ. ಅಂದ್ರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇದನ್ನ ಜನರ ಮುಂದೆ ನುಡಿಸಿ ನುಡಿಸಿ, ಎಲ್ಲಿ ಜನ ಕೆಮ್ಮುತ್ತಾರೆ, ಎಲ್ಲಿ ಉಸಿರು ಬಿಗಿ ಹಿಡೀತಾರೆ ಅಂತ ನೋಡ್ಕೊಂಡು ತಿದ್ದಿದ್ರು. ಕಚೇರಿ ಮಾಡಿ ಮಾಡಿ ಒಂದು ಪಲ್ಲವಿ ಪಳಗುತ್ತಲ್ಲ ಹಾಗೆ. ಶುರುವಲ್ಲಿ ‘ಆನ್ ದ ರನ್’ ಜಾಗದಲ್ಲಿ ಒಂದು ಗಿಟಾರ್ ಜ್ಯಾಮ್, ಅಂದ್ರೆ ಅಲ್ಲಲ್ಲೇ ಮನೋಧರ್ಮದಿಂದ ನುಡಿಸೋದು, ಇತ್ತು, ಕಿತ್ತುಹಾಕಿದ್ರು. ಸಾವಿನ ಭಾಗದಲ್ಲಿ ಆರ್ಗನ್ ಮೇಲೆ ಬೈಬಲ್ ಓದಿನ ಟೇಪ್ ಹಾಕ್ತಿದ್ರು, ಅದನ್ನೂ ತೆಗೆದ್ರು. ಇಂಥ ತೆಗೆದುಹಾಕೋ ಧೈರ್ಯ ಬಂದಿದ್ದು ಸ್ಟೇಜಿಂದ. ಕೊನೆಗೆ ಉಳಿದದ್ದು ಹತ್ತು ಭಾಗ, ಸುಮಾರು 43 ನಿಮಿಷ, ಎಲ್ಲ ಒಂದಕ್ಕೊಂದು ಹೊಲಿದದ್ದು.

ರೆಕಾರ್ಡಿಂಗ್ ನಡೆದದ್ದು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ, 1972ರ ಬೇಸಿಗೆಯಿಂದ 1973ರ ಶುರುವಿನವರೆಗೆ, ಟೂರ್‌ಗಳ ಮಧ್ಯೆ ಮಧ್ಯೆ ಬಿಡುವು ಮಾಡ್ಕೊಂಡು. ಎಂಜಿನಿಯರ್ ಆ್ಯಲನ್ ಪಾರ್ಸನ್ಸ್. ಆಗ ಅವರಿಗೆ ವಯಸ್ಸು ಇಪ್ಪತ್ತಮೂರು ಇಪ್ಪತ್ತನಾಲ್ಕು, ಸ್ಟುಡಿಯೋದ ಸಂಬಳದ ನೌಕರ. ಹದಿನಾರು ಟ್ರ್ಯಾಕಿನ ಟೇಪ್ ಮೆಷಿನ್, ಅಂದ್ರೆ ಹದಿನಾರು ಸದ್ದನ್ನ ಬೇರೆ ಬೇರೆ ಸಾಲಲ್ಲಿ ಇಟ್ಕೋಬಹುದು. ಈಗ ನಿಮ್ಮ ಲ್ಯಾಪ್‌ಟಾಪಲ್ಲಿ ನೂರು ಟ್ರ್ಯಾಕ್ ಇಟ್ಕೋಬಹುದು, ಅವತ್ತು ಹದಿನಾರು ತುಂಬಿದ್ರೆ ಅದನ್ನ ಇನ್ನೊಂದು ಟೇಪಿಗೆ ಮಿಕ್ಸ್ ಮಾಡಿ ಇಳಿಸಿ ಜಾಗ ಮಾಡ್ಕೋಬೇಕು, ಒಂದ್ಸಲ ಇಳಿಸಿದ ಮೇಲೆ ವಾಪಸ್ ಬಿಡಿಸೋ ಹಾಗಿಲ್ಲ.

‘ಮನಿ’ ಶುರುವಿನ ನಾಣ್ಯದ ಸದ್ದು ಇದೆಯಲ್ಲ, ಅದನ್ನ ಹೇಗೆ ಮಾಡಿದ್ರು ಅಂತ ಹೇಳಲೇಬೇಕು, ಇದು ನಿಮ್ಮ ತಾಳಕ್ಕೇ ಸಂಬಂಧ. ನಾಣ್ಯ ಉದುರೋದು, ಕಾಗದ ಹರಿಯೋದು, ಅಂಗಡಿ ಗಲ್ಲಾದ ಮೆಷಿನ್ ಸದ್ದು, ಹೀಗೆ ಏಳು ಸದ್ದು. ವಾಟರ್ಸ್ ಹೆಂಡತಿ ಕುಂಬಾರಿಕೆ ಕಲಾವಿದೆ, ಆಕೆ ಮಣ್ಣು ಕಲಸೋ ದೊಡ್ಡ ಬೋಗುಣಿಗೆ ನಾಣ್ಯ ಎಸೆದು ರೆಕಾರ್ಡ್ ಮಾಡಿದ್ರು. ಆಮೇಲೆ ಒಂದೊಂದು ಸದ್ದಿನ ಟೇಪನ್ನೂ ಸ್ಕೇಲ್ ಇಟ್ಟು ಅಳೆದು ಒಂದೇ ಉದ್ದಕ್ಕೆ ಕತ್ತರಿಸಿ, ಏಳೂ ತುಂಡನ್ನ ಅಂಟಿಸಿ ಒಂದು ಬಳೆ ತರ ಮಾಡಿ ಮೆಷಿನ್ನಲ್ಲಿ ತಿರುಗೋಕೆ ಬಿಟ್ಟರು. ಲೆಕ್ಕಕ್ಕೆ ಹೇಳ್ತೀನಿ, ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತೆ ಅನ್ಕೊಳ್ಳಿ, ಒಂದು ಅಕ್ಷರ ಅರ್ಧ ಸೆಕೆಂಡ್ ಅನ್ಕೊಳ್ಳಿ, ಒಂದು ತುಂಡು ಏಳೂವರೆ ಇಂಚು, ಏಳು ತುಂಡು ಸೇರಿದ್ರೆ ನಾಲ್ಕು ಅಡಿ ದಾಟುತ್ತೆ. ಅಷ್ಟು ದೊಡ್ಡ ಬಳೆ ಮೆಷಿನ್ ಮೇಲೆ ಕೂರಲ್ಲ, ಮೈಕ್ ಸ್ಟ್ಯಾಂಡ್ ಪಕ್ಕದಲ್ಲಿ ನಿಲ್ಲಿಸಿ ಅದರ ಸುತ್ತ ಹಾಯಿಸಿ ಬಿಗಿ ಹಿಡ್ಕೋಬೇಕು. ಒಂದು ತುಂಡು ಅರ್ಧ ಇಂಚು ಹೆಚ್ಚು ಕಡಿಮೆ ಆದ್ರೆ ಪ್ರತಿ ಆವರ್ತದಲ್ಲೂ ಅದೇ ಜಾಗದಲ್ಲಿ ತಾಳ ಕುಂಟುತ್ತೆ. ನಾನು ಟೇಪ್ ಕತ್ತರಿಸಿದೋನು, ಈ ಕೆಲಸದಲ್ಲಿ ಎಷ್ಟು ತಾಳ್ಮೆ ಬೇಕು ಅಂತ ನನ್ನ ಬೆರಳಿಗೆ ಗೊತ್ತು. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ಕೇಳೋರಿಗೆ ಗಲ್ಲಾಪೆಟ್ಟಿಗೆ ಸದ್ದು ಕೇಳಿ ಮುಖದಲ್ಲಿ ನಗು ಬರ್ಲಿ ಅಂತ. ಏಳರ ತಾಳ ಗೊತ್ತಿಲ್ಲದೇ ಒಳಗೆ ಇಳೀಲಿ ಅಂತ.

‘ಟೈಮ್’ ಹಾಡಿನ ಗಡಿಯಾರಗಳು ಪಾರ್ಸನ್ಸ್ ಕೊಡುಗೆ. ಅವರು ಅದಕ್ಕೂ ಮುಂಚೆ ಹಳೇ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆ ಬೇರೆ ರೆಕಾರ್ಡ್ ಮಾಡ್ಕೊಂಡಿದ್ರು, ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಸಿಸ್ಟಮ್ ತೋರಿಸೋಕೆ ಅಂತ. ಇಲ್ಲಿ ಎಲ್ಲಾ ಗಡಿಯಾರವೂ ಒಟ್ಟಿಗೆ ಹೊಡ್ಕೊಳ್ಳೋ ಹಾಗೆ ಹೊಂದಿಸಿದ್ರು. ಆಮೇಲೆ ಬರೋ ಮೇಸನ್‌ನ ರೋಟೋಟಾಮ್, ಅಂದ್ರೆ ತಿರುಗಿಸಿದ್ರೆ ಶ್ರುತಿ ಬದಲಾಗೋ ಪುಟ್ಟ ಡ್ರಮ್ಮುಗಳು, ಅದನ್ನ ನೀವು ಗಮನ ಇಟ್ಟು ಕೇಳಬೇಕು. ಎರಡು ನಿಮಿಷದ ಹತ್ತಿರ ಹಾಡೇ ಶುರು ಆಗಲ್ಲ, ಬರೀ ಕಾಯಿಸ್ತಾರೆ. ಕಾಲ ಕೈಜಾರಿ ಹೋಗೋ ಬಗ್ಗೆ ಹಾಡೋಕೆ ಮುಂಚೆ ನಿಮ್ಮ ಕಾಲವನ್ನೇ ತಗೊಳ್ತಾರೆ. ಓಟದ ಪಂದ್ಯ ಶುರು ಆಯ್ತು ಅಂತ ಯಾರೂ ಹೇಳಲೇ ಇಲ್ಲ, ಹತ್ತು ವರ್ಷ ಹಿಂದೆ ಬಿದ್ದೋಯ್ತು ಅನ್ನೋ ಅರ್ಥದ ಸಾಲು ಅದರಲ್ಲಿ ಬರುತ್ತೆ, ಅದನ್ನ ಬರೆದಾಗ ವಾಟರ್ಸ್‌ಗೆ ಮೂವತ್ತೂ ಆಗಿರಲಿಲ್ಲ. ನಾನು ಹತ್ತೊಂಬತ್ತರಲ್ಲಿ ಕೇಳಿದಾಗ ಗಿಟಾರ್ ಸೋಲೋಗೋಸ್ಕರ ಕೇಳ್ತಿದ್ದೆ. ನಲವತ್ತು ದಾಟಿದ ಮೇಲೆ ಆ ಸಾಲು ಬಂದಾಗ ಕೆಲಸ ನಿಲ್ಲಿಸಿ ಕೂತಿದೀನಿ.

‘ಆನ್ ದ ರನ್’ ಬಗ್ಗೆ ಚಿಕ್ಕದಾಗಿ, ಅದು ಸಿಂಥಿ ಎಕೆಎಸ್ ಅನ್ನೋ ಸೂಟ್‌ಕೇಸ್ ಗಾತ್ರದ ಸಿಂಥಸೈಜರ್‌ನಲ್ಲಿ ಎಂಟು ಸ್ವರ ನಿಧಾನವಾಗಿ ತುಂಬಿಸಿ ವೇಗ ಏರಿಸಿ ಓಡಿಸಿದ್ದು. 1972ರ ಹೊತ್ತಿಗೆ ದೊಡ್ಡ ಸಾಹಸ. ಇವತ್ತಿನ ಕಿವಿಗೆ ಇಡೀ ಆಲ್ಬಮ್‌ನಲ್ಲಿ ಹಳೇದು ಅನ್ನಿಸೋ ಭಾಗ ಇದೊಂದೇ ಅನ್ನೋದು ನನ್ನ ಅಭಿಪ್ರಾಯ.

‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಬಗ್ಗೆ ಮಾತ್ರ ಚಿಕ್ಕದಾಗಿ ಹೇಳೋಕಾಗಲ್ಲ. ರೈಟ್ ಪಿಯಾನೋದಲ್ಲಿ ಒಂದು ಸ್ವರಸಂಯೋಜನೆ ಮಾಡಿದ್ದ, ಮೇಲೆ ಏನು ಹಾಕಬೇಕು ಅಂತ ಗೊತ್ತಿರಲಿಲ್ಲ. ಪಾರ್ಸನ್ಸ್ ಹೇಳಿ ಕ್ಲೇರ್ ಟೋರಿ ಅನ್ನೋ ಇಪ್ಪತ್ತೈದು ವರ್ಷದ ಸ್ಟುಡಿಯೋ ಗಾಯಕಿಯನ್ನ 1973ರ ಜನವರಿಯ ಒಂದು ಭಾನುವಾರ ಕರೆಸಿದ್ರು. ಸಾಹಿತ್ಯ ಇಲ್ಲ, ರಾಗ ಇಲ್ಲ, ಸಾವಿನ ಬಗ್ಗೆ ಅಂತ ಹೇಳಿದ್ರು, ಮಾತು ಬೇಡ ಅಂದ್ರು. ಆಕೆ ತನ್ನ ಗಂಟಲನ್ನೇ ವಾದ್ಯ ಅನ್ಕೊಂಡು ಹಾಡಿದ್ಲು. ನಮಗೆ ಆಲಾಪನೆ ಗೊತ್ತಿರೋದ್ರಿಂದ ಮಾತಿಲ್ಲದ ಹಾಡುಗಾರಿಕೆ ಹೊಸದೇನಲ್ಲ, ಆದರೆ ಆಲಾಪನೆಯಲ್ಲಿ ರಾಗ ಅನ್ನೋ ಮನೆ ಇದೆ, ಈಕೆಗೆ ಅದೂ ಇರಲಿಲ್ಲ. ಮೊದಲು ಪ್ರತಿಭಟಿಸೋ ಹಾಗೆ ಕೂಗು, ಆಮೇಲೆ ಮೆಲ್ಲಗೆ ಒಪ್ಪಿಕೊಳ್ಳೋ ಹಾಗೆ ಇಳಿಯೋದು. ಎರಡೂವರೆ ಟೇಕಲ್ಲಿ ಮುಗೀತು. ಅತಿ ಆಯ್ತೇನೋ ಅಂತ ಸಂಕೋಚಪಟ್ಕೊಂಡು ಆಕೆ ಹೊರಟ್ರು, ಬಳಸ್ತಾರೆ ಅಂತಾನೂ ಅನ್ಕೊಂಡಿರಲಿಲ್ಲ, ಆಮೇಲೆ ಅಂಗಡೀಲಿ ಆಲ್ಬಮ್ ನೋಡಿ ತನ್ನ ಹೆಸರು ಕಂಡಾಗಲೇ ಗೊತ್ತಾಗಿದ್ದು. ಕೊಟ್ಟಿದ್ದು 30 ಪೌಂಡ್, ಅದೂ ಭಾನುವಾರ ಅಂತ ಡಬಲ್ ರೇಟು. 2004ರಲ್ಲಿ ಕೋರ್ಟಿಗೆ ಹೋದ್ರು, ಮುಂದಿನ ವರ್ಷ ರಾಜಿ ಆಗಿ ರೈಟ್ ಜೊತೆ ಸಂಯೋಜಕಿ ಅಂತ ಅವರ ಹೆಸರೂ ಸೇರ್ತು. ಸೇರಲೇಬೇಕಿತ್ತು. ಆ ಹಾಡಿಂದ ಆಕೆ ದನಿ ತೆಗೆದುಬಿಡಿ, ಏನು ಉಳಿಯುತ್ತೆ ಹೇಳಿ?

ರೈಟ್ ಬಗ್ಗೆ ಜನ ಕಡಿಮೆ ಮಾತಾಡ್ತಾರೆ ಅನ್ನೋದು ನನಗೆ ಬೇಜಾರಿನ ವಿಷಯ. ‘ಅಸ್ ಆ್ಯಂಡ್ ದೆಮ್’ನ ಪಿಯಾನೋ ಅವರು ಇಟಲಿಯ ನಿರ್ದೇಶಕ ಆಂಟೋನಿಯೋನಿಯ 1970ರ ಒಂದು ಸಿನಿಮಾಕ್ಕೆ ಮಾಡಿ ಕೊಟ್ಟಿದ್ದು, ಗಲಭೆ ದೃಶ್ಯಕ್ಕೆ. ನಿರ್ದೇಶಕರು ತುಂಬ ದುಃಖ ಆಯ್ತು ಅಂತ ಬೇಡ ಅಂದ್ರು. ಎರಡು ವರ್ಷ ಮೂಲೇಲಿದ್ದ ಅದೇ ಟ್ಯೂನ್ ಇಲ್ಲಿ ಬಂದು ಯುದ್ಧದ ಹಾಡಾಯ್ತು, ಇಡೀ ಆಲ್ಬಮ್‌ನಲ್ಲಿ ನನಗೆ ಅತಿ ಹೆಚ್ಚು ಹತ್ತಿರದ ಹಾಡು ಅದು. ‘ಬ್ರೀದ್’ನಲ್ಲಿ ಒಂದು ಕಡೆ ಜ್ಯಾಜ್ ತರದ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಬರುತ್ತೆ, ಅದನ್ನ ಜ್ಯಾಜ್ ದಿಗ್ಗಜ ಮೈಲ್ಸ್ ಡೇವಿಸ್ ಕೇಳಿ ಕಲ್ತೆ ಅಂತ ರೈಟೇ ಹೇಳಿದಾರೆ. ನೀವು ಸರಳ ಅಂದ್ರಲ್ಲ, ಆ ಸರಳದ ಕೆಳಗೆ ಇಂಥವೆಲ್ಲ ಇವೆ.

ಮಾತಿನ ಸರಳತೆ ಇನ್ನೊಂದು. ಇದು ವಾಟರ್ಸ್ ಒಬ್ಬನೇ ಪೂರ್ತಿ ಸಾಹಿತ್ಯ ಬರೆದ ಮೊದಲ ಆಲ್ಬಮ್, ಕವರಲ್ಲಿ ಸಾಹಿತ್ಯ ಅಚ್ಚು ಹಾಕಿದ್ದೂ ಪಿಂಕ್ ಫ್ಲಾಯ್ಡ್ ಇದರಲ್ಲೇ ಮೊದಲು. ಆ ವರ್ಷಗಳ ಬೇರೆ ಪ್ರೊಗ್ರೆಸಿವ್ ಸಾಹಿತ್ಯ ತಗೊಳ್ಳಿ, ಪುರಾಣ, ಮಾಂತ್ರಿಕರು, ಅರ್ಥಕ್ಕೆ ನಿಲುಕದ ಸಾಲುಗಳು. ಇಲ್ಲಿ ಅಂಥದ್ದು ಇಲ್ಲ. ಬರೀ ಶಾಲೆ ಇಂಗ್ಲಿಷ್ ಬರೋರಿಗೂ ಅರ್ಥ ಆಗೋ ಪದಗಳು. ಜೊತೆಗೆ ಹಾಡುಗಳ ಸಂದೀಲಿ ಮಾತಾಡೋ ದನಿಗಳು ಕೇಳ್ತವಲ್ಲ, ಅದಕ್ಕೆ ವಾಟರ್ಸ್ ರಟ್ಟಿನ ಚೀಟಿಗಳ ಮೇಲೆ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿ ಸಿಕ್ಕಿದೋರನ್ನೆಲ್ಲ ಕೂರಿಸಿ ಕೇಳಿದ್ದ, ಕೊನೇ ಸಲ ಯಾರ ಮೇಲಾದ್ರೂ ಯಾವಾಗ ಕೈ ಮಾಡಿದ್ರಿ, ನಿಮ್ಮದು ಸರಿಯಿತ್ತಾ, ಸಾವಿಗೆ ಹೆದರ್ತೀರಾ ಅಂತ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಪಕ್ಕದಲ್ಲೇ ರೆಕಾರ್ಡ್ ಮಾಡ್ತಿದ್ರು, ಅವರನ್ನೂ ಕೇಳಿದ್ರು, ಆದರೆ ಅಷ್ಟು ದೊಡ್ಡ ಮನುಷ್ಯ ತುಂಬ ಜಾಗ್ರತೆಯಿಂದ ಉತ್ತರ ಕೊಟ್ಟ ಅಂತ ಬಳಸಲೇ ಇಲ್ಲ. ಬಳಸಿದ್ದು ಸ್ಟುಡಿಯೋದ ದ್ವಾರಪಾಲಕನ ಮಾತು. ‘ಎಕ್ಲಿಪ್ಸ್’ ಮುಗಿದ ಮೇಲೆ ಎದೆಬಡಿತದ ಮೇಲೆ ಮೆಲ್ಲಗೆ ಕೇಳೋ ಆ ಐರಿಶ್ ದನಿ, ಚಂದ್ರನಿಗೆ ಕತ್ತಲೆ ಕಡೆ ಅಂತ ಬೇರೆ ಇಲ್ಲ, ನಿಜ ಹೇಳಬೇಕು ಅಂದ್ರೆ ಪೂರ್ತಿ ಕತ್ತಲೇನೇ ಅಂತ ಹೇಳೋದು ಅವರೇ, ಜೆರಿ ಓ’ಡ್ರಿಸ್ಕಾಲ್.

ಮಿಕ್ಸಿಂಗ್ ಹೊತ್ತಿಗೆ ಜಗಳ ಆಯ್ತು. ವಾಟರ್ಸ್, ಮೇಸನ್ ಇಬ್ಬರಿಗೆ ಒಣ ಸೌಂಡ್ ಬೇಕು, ಮಾತು ಸದ್ದು ಎಲ್ಲ ಎದ್ದು ಕಾಣಬೇಕು. ಗಿಲ್ಮೋರ್, ರೈಟ್ ಇಬ್ಬರಿಗೆ ಎಕೋ ಬೇಕು, ಸಂಗೀತ ಮುಂದಿರಬೇಕು. ಕ್ರಿಸ್ ಥಾಮಸ್ ಅನ್ನೋ ಹೊರಗಿನವರನ್ನ ಕರೆಸಿ ಮಧ್ಯಸ್ಥಿಕೆ ಮಾಡಿಸಿದ್ರು. ನನಗನ್ನಿಸೋದು ಆ ಎಳೆದಾಟದಿಂದಾನೇ ಆಲ್ಬಮ್ ಉಳೀತು, ಒಬ್ಬರ ಇಷ್ಟದಂತೆ ಪೂರ್ತಿ ಹೋಗಿದ್ರೆ ಒಂದೋ ನಾಟಕ ಆಗ್ತಿತ್ತು ಇಲ್ಲಾ ಬರೀ ತೇಲಾಟ ಆಗ್ತಿತ್ತು.

ಈಗ ಮಾರಾಟಕ್ಕೆ ಬರ್ತೀನಿ. ಒಳ್ಳೇದಾದ ಮಾತ್ರಕ್ಕೆ ಮಾರಾಟ ಆಗಲ್ಲ, ಯಾರಾದ್ರೂ ಮಾರಬೇಕು. ಇಲ್ಲಿ ನಮ್ಮ ಕಡೆಯವರೊಬ್ಬರ ಹೆಸರು ಬರುತ್ತೆ, ಭಾಸ್ಕರ್ ಮೆನನ್. ತಿರುವನಂತಪುರದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಕಲ್ಕತ್ತಾದ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ನಡೆಸಿದೋರು, ಅದೇ, ನಮ್ಮ ಮನೆಗಳಲ್ಲಿ ನಾಯಿ ಚಿತ್ರದ ಎಚ್‌ಎಂವಿ ಅಂತ ಕರೀತಿದ್ದದ್ದು. 1971ರಲ್ಲಿ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್‌ಗೆ ಮುಖ್ಯಸ್ಥರಾಗಿ ಹೋದ್ರು. ಅಲ್ಲೀತನಕ ಆ ಕಂಪನಿ ಪಿಂಕ್ ಫ್ಲಾಯ್ಡ್‌ಗೆ ಅಮೆರಿಕದಲ್ಲಿ ಏನೂ ಮಾಡಿರಲಿಲ್ಲ ಅನ್ನೋ ಸಿಟ್ಟು ಬ್ಯಾಂಡ್‌ಗೆ ಇತ್ತು, ಮುಂದಿನ ಆಲ್ಬಮ್‌ಗಳಿಗೆ ಬೇರೆ ಕಂಪನಿಗೆ ಹೊರಟಿದ್ರು. ಬ್ಯಾಂಡಿನವರು ಫ್ರಾನ್ಸಲ್ಲಿ ಒಂದು ಬ್ಯಾಲೆ ನೃತ್ಯ ತಂಡದ ಜೊತೆ ನುಡಿಸ್ತಿದ್ದಾಗ ಮೆನನ್ ತಾವೇ ಅಲ್ಲಿಗೆ ಹೋಗಿ ಈ ಆಲ್ಬಮ್ ಅಮೆರಿಕದಲ್ಲಿ ಕ್ಯಾಪಿಟಲ್‌ಗೇ ಸಿಗೋ ಹಾಗೆ ಮಾಡ್ಕೊಂಡ್ರು, ಆಮೇಲೆ ಪೂರ್ತಿ ಜೋರಿಂದ ಪ್ರಚಾರ ಮಾಡಿದ್ರು. ಬ್ಯಾಂಡ್ ಅದಾದ ಮೇಲೆ ಕೊಲಂಬಿಯಾ ಕಂಪನಿಗೆ ಹೋಯ್ತು, ಆದರೂ ಈ ಒಂದು ಆಲ್ಬಮ್ ಹಿಂದೆ ಮೆನನ್ ನಿಂತ ರೀತಿಯನ್ನ ಮೇಸನ್ ಆಮೇಲೂ ಬಾಯಿತುಂಬ ಹೊಗಳಿದಾರೆ. ಮೆನನ್ 2021ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಿರಬೇಕಿತ್ತು.

ಅಮೆರಿಕದಲ್ಲಿ ‘ಮನಿ’ ಸಿಂಗಲ್ ಆಗಿ, ಅಂದ್ರೆ ಬಿಡಿ ಹಾಡಾಗಿ, ಬಂತು, 13ನೇ ಸ್ಥಾನದ ತನಕ ಹೋಯ್ತು, ರೇಡಿಯೋದಲ್ಲಿ ಜನ ಮೊದಲು ಕೇಳಿದ್ದು ಅದನ್ನೇ. ಏಳರ ತಾಳದ ಹಾಡು ಹಿಟ್ ಆಗಿದ್ದು! ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಇನ್ನೂರು ಆಲ್ಬಮ್‌ಗಳ ಪಟ್ಟಿಯಲ್ಲಿ ನಂಬರ್ ಒನ್ ಆಗಿದ್ದು ಒಂದೇ ವಾರ, 1973ರ ಏಪ್ರಿಲ್ ಕೊನೇಲಿ. ಸ್ವಂತ ದೇಶ ಇಂಗ್ಲೆಂಡಲ್ಲಿ ಆಗ ಎರಡನೇ ಸ್ಥಾನ. ಆದರೆ ಪಟ್ಟಿಯಿಂದ ಇಳೀಲೇ ಇಲ್ಲ ನೋಡಿ, 1973ರಿಂದ 1988ರ ನಡುವೆ 741 ವಾರ ಆ ಇನ್ನೂರರ ಪಟ್ಟಿಯಲ್ಲಿತ್ತು, ಈಗ ಎಲ್ಲ ಸೇರಿಸಿ 950 ವಾರ ದಾಟಿದೆ. ಪ್ರಪಂಚದಾದ್ಯಂತ ನಾಲ್ಕೂವರೆ ಕೋಟಿ ಪ್ರತಿ ಹೋಗಿದೆ ಅನ್ನೋದು ಸಾಮಾನ್ಯವಾಗಿ ಹೇಳೋ ಅಂದಾಜು. ಇಲ್ಲೇ ವ್ಯತ್ಯಾಸ ಇರೋದು. ಅದರ ಹಿಂದಿನ ವರ್ಷ ಜೆಥ್ರೋ ಟಲ್ ಅನ್ನೋ ಪ್ರೊಗ್ರೆಸಿವ್ ಬ್ಯಾಂಡಿನವರು ಇಡೀ ಎಲ್‌ಪಿಗೆ ಒಂದೇ ಹಾಡು ಮಾಡಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ರು, ಅಂದ್ರೆ ಕಷ್ಟದ ಸಂಗೀತಾನೂ ಅವತ್ತು ಮಾರಾಟ ಆಗ್ತಿತ್ತು. ಫ್ಯಾಷನ್ ಇರೋ ತನಕ ಕೊಳ್ಳೋದು ಬೇರೆ, ಹುಟ್ಟದೇ ಇದ್ದ ಮಕ್ಕಳು ಬೆಳೆದು ದೊಡ್ಡವರಾಗಿ ಬಂದು ಕೊಳ್ಳೋದು ಬೇರೆ. ದುಡ್ಡು, ಕಾಲ, ಸಾವು ಇವು ಯಾವ ವರ್ಷದಲ್ಲೂ ಹಳೇದಾಗಲ್ಲ, ಜೊತೆಗೆ ರೆಕಾರ್ಡಿಂಗ್ ಎಷ್ಟು ಸ್ವಚ್ಛ ಅಂದ್ರೆ ಸ್ಟೀರಿಯೋ ಅಂಗಡಿಗಳಲ್ಲಿ ಹೊಸ ಸ್ಪೀಕರ್ ತೋರಿಸೋಕೆ ಇದನ್ನೇ ಹಾಕ್ತಿದ್ರು, ಸಿಡಿ ಬಂದಾಗ ಜನ ಇದನ್ನ ಮತ್ತೆ ಕೊಂಡ್ರು.

ಕವರ್ ಪಾತ್ರಾನೂ ಇದೆ. ಹಿಪ್ನೋಸಿಸ್ ಅನ್ನೋ ಡಿಸೈನ್ ತಂಡದ ಸ್ಟಾರ್ಮ್ ಥೋರ್ಗರ್ಸನ್ ಮತ್ತು ಆಬ್ರಿ ಪವೆಲ್, ಚಿತ್ರ ಬರೆದದ್ದು ಜಾರ್ಜ್ ಹಾರ್ಡಿ. ರೈಟ್ ಈ ಸಲ ಏನಾದ್ರೂ ಸರಳವಾಗಿ ಮಾಡಿ ಅಂದಿದ್ರು. ಕಪ್ಪು ಹಿನ್ನೆಲೆ, ಪ್ರಿಸಂ, ಕಾಮನಬಿಲ್ಲು, ಮುಂದೆ ಬ್ಯಾಂಡಿನ ಹೆಸರೂ ಇಲ್ಲ. ಬಣ್ಣ ಎಣಿಸಿ, ಏಳಲ್ಲ, ಆರೇ ಇದೆ.

ನಮ್ಮ ಊರಿನ ಮಾತು ಒಂದು ಹೇಳ್ತೀನಿ. 2002ರ ಏಪ್ರಿಲ್‌ನಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ನುಡಿಸಿದ್ರು, ನಾನೂ ಆ ಜನದ ಮಧ್ಯೆ ನಿಂತಿದ್ದೆ. ‘ಟೈಮ್’, ‘ಮನಿ’ ಎಲ್ಲ ಬಂತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿದ ಕಾಪಿ ಕೇಳ್ಕೊಂಡು ಬೆಳೆದವರು ನಾವು, ಅದರಲ್ಲಿ ಟೇಪಿನ ಸುಸ್ ಅನ್ನೋ ಸದ್ದಲ್ಲಿ ಎದೆಬಡಿತ ಮುಳುಗೋಗಿರ್ತಿತ್ತು, ಅಂಥೋರು ಸಾವಿರಾರು ಜನ ಅವತ್ತು ‘ಬ್ರೇನ್ ಡ್ಯಾಮೇಜ್’ ಬಾಯಿಪಾಠ ಹಾಡಿದ್ವಿ.

ಇನ್ನು ಹೇಗೆ ಕೇಳೋದು ಅಂತ. ಒಂದು ಹಳೇ ಹಾಲಿವುಡ್ ಸಿನಿಮಾ ಜೊತೆ ಹಾಕಿದ್ರೆ ಹೊಂದುತ್ತೆ ಅಂತ ಒಂದು ಕಥೆ ಓಡಾಡುತ್ತೆ, ಬ್ಯಾಂಡಿನವರು ಪಾರ್ಸನ್ಸ್ ಎಲ್ಲರೂ ಅದು ಕಾಕತಾಳೀಯ ಅಂತ ಹೇಳಿಯಾಗಿದೆ, ಅದರ ಹಿಂದೆ ಹೋಗಬೇಡಿ. 2023ರಲ್ಲಿ ವಾಟರ್ಸ್ ಒಬ್ಬರೇ ಇದನ್ನ ಮತ್ತೆ ಮಾಡಿದಾರೆ, ಅದು ಆಮೇಲಿನ ಮಾತು, ಮೊದಲು ಮೂಲದ್ದು. ಫೋನಲ್ಲೇ ಕೇಳಿ ಪರವಾಗಿಲ್ಲ, ಆದರೆ ಹಾಡುಗಳ ಕ್ರಮ ಕಲಸೋ ಶಫಲ್ ಆಫ್ ಮಾಡಿ, ಹಾಡುಗಳ ಮಧ್ಯೆ ಬಿಡುವು ಬರದಂಗೆ ಮಾಡೋ ಗ್ಯಾಪ್‌ಲೆಸ್ ಆನ್ ಇರ್ಲಿ, ಒಂದು ಹಾಡನ್ನ ಇನ್ನೊಂದರ ಮೇಲೆ ಹಾಯಿಸೋ ಕ್ರಾಸ್‌ಫೇಡ್ ಆಫ್ ಇರ್ಲಿ, ಇಲ್ದಿದ್ರೆ ಹೊಲಿಗೆ ಬಿಟ್ಟೋಗುತ್ತೆ. ‘ಗ್ರೇಟ್ ಗಿಗ್’ ಮುಗಿದ ಮೇಲೆ ಒಂದು ನಿಮಿಷ ನಿಲ್ಸಿ, ಎಲ್‌ಪಿಯಲ್ಲಿ ಅಲ್ಲಿ ಸೈಡ್ ಮುಗಿಯುತ್ತೆ, ಎದ್ದು ತಿರುಗಿಸಿ ಹಾಕಬೇಕಿತ್ತು, ಆ ಮೌನವೂ ಬೇಕು. ಹೆಡ್‌ಫೋನ್ ಎಡ ಬಲ ಸರಿ ಹಾಕ್ಕೊಳ್ಳಿ, ‘ಆನ್ ದ ರನ್’ನಲ್ಲಿ ಓಡೋ ಹೆಜ್ಜೆ ತಲೆ ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತೆ.

ಶುರುವಲ್ಲಿ ಏನೂ ಕೇಳ್ಸಲ್ಲ ಅಂದ್ರಲ್ಲ, ಅದು ಎದೆಬಡಿತ, ಮೇಸನ್‌ನ ಬೇಸ್ ಡ್ರಮ್ಮನ್ನೇ ಮೆತ್ತಗೆ ಮಾಡಿ ಹಾಗೆ ಕೇಳೋ ಹಾಗೆ ಮಾಡಿದಾರೆ, ಅದರ ಹಿಂದೆ ಮುಂದೆ ಬರೋ ಹಾಡುಗಳ ಸದ್ದೆಲ್ಲ ಚೂರು ಚೂರು ಬಂದುಹೋಗುತ್ತೆ. ರಾತ್ರಿ ಫ್ಯಾನ್ ಆಫ್ ಮಾಡಿ ಕೇಳಿ, ಸಿಗುತ್ತೆ. ಅದು ಕೇಳ್ತಿಲ್ಲ ಅಂತ ಮಾತ್ರ ವಾಲ್ಯೂಮ್ ಪೂರ್ತಿ ಏರಿಸಿಬಿಡಬೇಡಿ, ಇನ್ನೊಂದು ಏಳು ನಿಮಿಷಕ್ಕೆ ಆ ಗಡಿಯಾರಗಳೆಲ್ಲ ಒಟ್ಟಿಗೆ ಹೊಡ್ಕೊಳ್ತವೆ.